ಗೋಲ್ ಕೀಪರನ ಬನೀನು

ತೊಂಬತ್ತಾರರ ಮಾಘದ ಚಳಿ, ಬೆಳಗಿನ ಆರು ಗಂಟೆ. ಪಾಲಕೋಡ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ರಾಮಚಂದ್ರಪ್ಪ ಕೂತಿದ್ದ ಬೆಂಚಿನ ಎದುರೇ ಗೌರಕ್ಕ ಹೈಸ್ಕೂಲಿನ ಫುಟ್‌ಬಾಲ್ ಮೇಷ್ಟ್ರನ್ನು ತಡೆದಳು.

"ಗೋಲಲ್ಲಿ ನಿಂತ್ಕತಿದ್ದ ನನ್ ಮಗ ತೀರೋಗಿ ಮೂರು ವರ್ಸ ಆಯ್ತು ಸಾರ್. ಅವನ ಬನೀನು ಕೊಡಿ."

"ಅದನ್ನ ಗೋಲ್ ಕಂಬಕ್ಕೆ ಕಟ್ತೀವಮ್ಮ. ಅವತ್ತಿಂದ ನಮ್ಮೇಲೆ ಒಂದು ಗೋಲೂ ಬಿದ್ದಿಲ್ಲ. ನಾಳೆ ಸೇಲಂನಲ್ಲಿ ಫೈನಲ್ ಐತೆ."

"ನೀವು ಗೆದ್ದಾಗೆಲ್ಲ ನಮ್ಮನೆ ಬಾಗ್ಲಲ್ಲಿ ಮಣ್ಣಿನ ಎಜ್ಜೆ. ಕರೆದ್ರೂ ಅವ್ನು ಒಳಕ್ ಬರಲ್ಲ."

"ಇದೊಂದು ಮ್ಯಾಚ್..."

"ಓದ್ ವರ್ಸನೂ ಅಂಗೇ ಅಂದ್ರಿ. ಪಾವಂ, ಪಾಪದ ಕೂಸು, ಸುಸ್ತಾಗವ್ನೆ, ಬುಟ್ಬುಡಿ."

ಮೇಷ್ಟ್ರು ಚೀಲ ಬಿಚ್ಚಿ ಬನೀನು ಹೊರತೆಗೆದರು.

"ಒಗೆದು ಒಣಗ್ಸಿ ಮಡಚಿದ್ದೆ. ಒದ್ದೆ ಐತಲ್ಲಮ್ಮ!"

"ಬೆವರು. ಅವನಿಗೆ ಚಿಕ್ಕಂದಿನಿಂದ್ಲೂ ಜಾಸ್ತಿ."

ಮೇಷ್ಟ್ರು ತಂಡದ ಹುಡುಗರೊಂದಿಗೆ ಸೇಲಂ ಬಸ್ಸು ಹತ್ತಿದರು. ಗೌರಕ್ಕ ನಿದ್ದೆಹೋದ ಮಗುವನ್ನು ಎತ್ತಿಕೊಂಡಂತೆ ಬನೀನನ್ನು ಹೆಗಲಿಗೆ ಒರಗಿಸಿಕೊಂಡು ಮನೆಗೆ ಹೋಗುವ ಹರೂರು ಬಸ್ಸಿಗೆ ನಡೆದಳು.