ಬೇವಿನ ನೆರಳಿನ ಬಳ್ಳಿ

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು ನಾಗನಾಥರ ಬೆನ್ನ ಹಿಂದೆ ಗಂಡ ಹೆಂಡತಿ ಗಂಟುಗಳ ಮೇಲೆ ಕೂತು ಮಾತಾಡುತ್ತಿದ್ದರು.

“ವೀಳ್ಯದೆಲಿ ತೋಟಕ್ಕ ನೆರಳಿದ್ದ ಅಗಸೀಗಿಡ ಯಾಕ ಕಡದ್ರಿ?”

“ಬಿಸಲು ಬಿದ್ರ ಬಳ್ಳಿ ಜೋರ ಬರ್ತಾವಂತ ತಿಳದಿದ್ದೆ, ಭಾಗಮ್ಮ.”

“ಬಂದ್ವಲ್ಲ, ಹೆಣದ ಮಾರಿ ಹಂಗ ಬೆಳ್ಳಗ!”

“ರೋಗ ಅಂತ ಎಲ್ಲಾ ಕಿತ್ತು ಸುಟ್ಟೆ. ಇನ್ನೇನ್ ಮಾಡ್ಬೇಕಿತ್ತು?”

“ಅದರಾಗಿಂದು ಒಂದು ಬಳ್ಳಿ ನಾ ಕದ್ದು ಬೇವಿನ ನೆರಳಿಗಿ ಹಚ್ಚಿದ್ದೆ. ಮತ್ತ ಹಸರಾಗ್ಯಾದ.”

ಗಂಡ ಗಂಟಿನ ಹಗ್ಗ ಬಿಚ್ಚಿ ಮತ್ತೆ ಬಿಗಿದ.

“ಎಲ್ಲಾ ಬಳ್ಳಿ ಹಂಗೇ ಹಸರಾಗ್ತಿದ್ವೇನ್ರಿ?”

ಬಿಸಿಲಿಗೆ ಕೆಟ್ಟ ಎಲೆ ನೆರಳು ಸಿಕ್ಕರೆ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆಂದು ನಾಗನಾಥರು ವರ್ಷವರ್ಷವೂ ಪಾಠ ಹೇಳುತ್ತಿದ್ದರು. ಈಗ ತಿರುಗಿ ನೋಡಲಿಲ್ಲ.

“ಏಳು, ಸೊಲ್ಲಾಪುರದ ಬಸ್ ಬಂತು. ನಾವು ಕೂಲಿಗಿ ಹೊಂಟ ಗಿರಣಿಯಾಗ ಬಿಸಲಿರಂಗಿಲ್ಲ.”

ಭಾಗಮ್ಮ ಗಂಟು ಎತ್ತಿಕೊಂಡಳು.