ಸೌನಾದಲ್ಲಿ ಬೆವರಿದ ಬಂದೂಕು

ಜಡಿಮಳೆ ಹಿಡಿದು ಆ ದಿನದ ಬೇಟೆ ಕೆಟ್ಟಿತ್ತು. ಬೇಟೆಗಾರರ ಸಂಘದ ಗುಡಿಸಲಿನಲ್ಲಿ ನಾವು ಐದಾರು ಮಂದಿ ಒದ್ದೆ ಬೂಟು ಕಳಚಿ ಕಾಫಿ ಕುಡಿಯುತ್ತಿದ್ದೆವು. ಹೊಸದಾಗಿ ಕೊಂಡ ಹಳೆಯ ಮಿಲಿಟರಿ ರೈಫಲ್ಲಿನ ಗ್ರೀಸು ಬಿಡಿಸಲು ನಾನು ಹೆಣಗುತ್ತಿದ್ದೆ. "ಸೌನಾದಲ್ಲಿಡು, ಹಬೆಸ್ನಾನದ ಕಾವಿಗೆ ತಾನೇ ಕರಗುತ್ತೆ" ಎಂದು ಯಾರೋ ಅಂದರು. ಮೂಲೆಯಲ್ಲಿದ್ದ, ಎಂಬತ್ತು ದಾಟಿದ ಟೌನೊ ಅಜ್ಜ ಲೋಟ ಕೆಳಗಿಟ್ಟ.

"ಯಾವನೋ ಅವ್ನು, ಬುದ್ಧಿ ಹೇಳೋಕೆ ಬಂದ್ಬಿಟ್ಟ! ಕೇಳಿ ಇಲ್ಲಿ... ನನ್ನ ತಮ್ಮ ಓಸ್ಮೊ ಮಾಡಿದ್ದೂ ಅದನ್ನೇ.

"ಸೈನ್ಯದೋರು ಮಾರಿದ ರೈಫಲ್ ಒಂದು ತಂದಿದ್ದ. ಯಾರದೋ ಕೊಟ್ಟಿಗೇಲಿ ಇಪ್ಪತ್ತು ವರ್ಷ ಬಿದ್ದಿದ್ದು. ನಳಿಗೆ ತುಂಬ ಗಟ್ಟಿ ಗ್ರೀಸು, ಹಿಡಿಯ ಮರ ಇದ್ದಿಲಿನಂಗೆ ಕಪ್ಪು. ಕುದಿನೀರು ಹುಯ್ದ, ಬಟ್ಟೆ ಸುತ್ತಿದ ಕಡ್ಡಿ ಆಡಿಸಿದ, ಉಹೂಂ. ಕೊನೆಗೆ ಒಂದು ಶನಿವಾರ, ಮನೆಯೋರೆಲ್ಲ ಸ್ನಾನ ಮುಗಿಸಿದ ಮೇಲೆ, ಅದನ್ನ ಸೌನಾದ ಮೇಲಿನ ಹಲಗೇಲಿ ಮಲಗಿಸಿ, ಕಾದ ಕಲ್ಲಿಗೆ ನೀರು ಹುಯ್ದು ಹಬೆ ಎಬ್ಬಿಸಿದ. ಅವನ ಹೆಂಡ್ತಿ ಹೆಲ್ವಿ, 'ರೀ, ನಿಮ್ಮಮ್ಮನ ಹೆಣ ತೊಳೆದಿದ್ದು ಅದೇ ಹಲಗೆ ಮೇಲೆ. ಕೊನೇ ಹಬೆ ಸತ್ತೋರಿಗೆ ಬಿಡಬೇಕು' ಅಂದ್ಲು. 'ಸತ್ತೋರಿಗೂ ಬೆವರು ಬರುತ್ತೇನೇ?' ಅಂತ ನಕ್ಕ.

"ಮರ ಬೆವರಿತು ಕಣ್ರೋ... ಮೊದ್ಲು ಕಪ್ಪಗೆ ಇಳೀತು, ಆಮೇಲೆ ಕೆಂಪಗೆ. ತುಕ್ಕು ಅಂತ ಒರೆಸ್ತಿದ್ದ. ಹಬೆಯೊಳಗಿಂದ 'ಬೆನ್ನು ತಿಕ್ಕಪ್ಪ' ಅಂತ ದನಿ. ನಾನೇ ಬಂದಿದೀನಿ ಅಂದ್ಕೊಂಡು ತಿಕ್ಕಿದ. ಹೆಗಲ ಕೆಳಗೆ ಬೆರಳು ಗುಂಡಿನ ತೂತಿನೊಳಗೆ ಹೋಯ್ತು... ನಾನೆಲ್ಲಿದ್ದೆ? ಅಂಗಳದಲ್ಲಿ ಸೌದೆ ಒಡೀತಿದ್ದೆ!

"ಯುದ್ಧದಲ್ಲಿ ಸತ್ತೋರನ್ನ ಊರಿಗೆ ತಂದು ಹೂಳೋ ಜನ ನಾವು. ರಷ್ಯದ ಗಡಿಯಾಚೆ ಕಾಡಲ್ಲೇ ಉಳಿದೋರನ್ನ ಯಾರು ತೊಳೆದ್ರು? ಓಸ್ಮೊ ತೊಳೆದ, ಆ ರೈಫಲ್ಲಿನ ಸತ್ತ ಸಿಪಾಯಿ ಅವನಿಗೇ ಗಂಟುಬಿದ್ದ. ರೈಫಲ್ಲೇನೋ ಥಳಥಳ ಅಂತಿತ್ತು, ಅಗಸೆ ಎಣ್ಣೆ ತಿಕ್ಕಿ ಬೀರುವಿನಲ್ಲಿಟ್ಟಿದ್ದ. ಶನಿವಾರ ಬಂತಂದ್ರೆ ಮರಕ್ಕೆ ಕೆಂಪು ಬೆವರು! ಸೌನಾ ಕಾಯಿಸಿ, ಆ ಬೆನ್ನು ತಿಕ್ಕಿದ್ರೇನೇ ನಿಲ್ತಿದ್ದದ್ದು. ಓಸ್ಮೊ ದಿನೇ ದಿನೇ ಇಳಿದುಹೋದ. ಹೆಲ್ವಿ ಅತ್ಲು, 'ಪಾದ್ರಿಗೆ ಹೇಳಿ ಅದನ್ನ ಹೂಳಿಸ್ರೀ, ನೀವು ಉಳೀತೀರಿ' ಅಂತ. 'ಇಷ್ಟು ಚೆನ್ನಾಗಿ ಮಾಡಿಟ್ಟಿರೋದನ್ನ ಮಣ್ಣಿಗೆ ಹಾಕ್ತಾರೇನೇ?' ಅಂದ. ಜಂಬ ಅವನಿಗೆ, ಹಾಳು ಜಂಬ!

"ಒಂದು ಶನಿವಾರ ಅವನಿಗೆ ಜ್ವರ ಬಂದು ಒಲೆ ಹಚ್ಚಲಿಲ್ಲ. ಬೆಳಿಗ್ಗೆ ಹೋಗಿ ನೋಡ್ತೀನಿ... ಸೌನಾ ತಣ್ಣಗಿದೆ, ಓಸ್ಮೊ ಮೇಲಿನ ಹಲಗೇಲಿ ಮಲಗಿದಾನೆ, ಉಸಿರಿಲ್ಲ. ಹೆಣ ತೊಳೆದಂಗೆ ಮೈಯೆಲ್ಲ ತೊಳೆದು, ಕೈ ಜೋಡಿಸಿ ಎದೆ ಮೇಲಿಟ್ಟಿತ್ತು. ನನ್ನ ಬೆನ್ನಿಗೆ ಬಿದ್ದ ತಮ್ಮ ಅವ್ನು. ಇವತ್ತಿಗೂ ಹೊಟ್ಟೆ ಉರಿಯುತ್ತೆ."

"ಆಮೇಲಾದರೂ ಅದನ್ನ ಹೂಳಿದ್ರಾ ಅಜ್ಜ?" ಎಂದೆ.

ಅಜ್ಜ ಎದ್ದು ಕೋಟಿನ ಗುಂಡಿ ಹಾಕಿಕೊಂಡ.

"ನಮ್ಮನೇಲೇ ಇದೆ. ಇವತ್ತು ಶನಿವಾರ ಅಲ್ವಾ, ಹೊರಡ್ತೀನಿ, ಸೌನಾ ಒಲೆ ಹಚ್ಚೋ ಹೊತ್ತಾಯ್ತು. ಈಗ ಎರಡು ಬೆನ್ನು ಬರ್ತವೆ... ಹೂಳಿಬಿಟ್ರೆ, ನನ್ನ ತಮ್ಮನ ಬೆನ್ನು ಯಾರು ತಿಕ್ತಾರೋ?"