ಹ್ಯಾಂಡಲ್ ಹೊಡೆಯೋ ಮುಂಚೆ

ದೀಪ ಸ್ವಲ್ಪ ಸಣ್ಣ ಮಾಡಿ. ಇದನ್ನ ಜೋರಾಗಿ ಹೇಳೋಕೆ ನನಗೆ ಇವತ್ತಿಗೂ ಆಗಲ್ಲ. ನಡುವೆ ಯಾರೂ ನಗಬೇಡಿ. ನಕ್ಕರೆ ನಾನು ಎದ್ದು ಮಲಗೋಕೆ ಹೋಗ್ತೀನಿ, ಆಮೇಲೆ ನೀವುಂಟು ನಿಮ್ಮ ಕತ್ತಲೆ ಉಂಟು. ಇದು ನಮ್ಮ ಚಿಕ್ಕಪ್ಪನ ಮಗ ಜಯಪ್ಪಣ್ಣನಿಗೆ ಆಗಿದ್ದು. ಅವನು ಸುಳ್ಳು ಹೇಳೋ ಆಸಾಮಿ ಅಲ್ಲ. ಸುಳ್ಳು ಕಟ್ಟೋಕೂ ಒಂದಿಷ್ಟು ಬುದ್ಧಿ ಬೇಕಲ್ಲ, ಅದು ಅವನಿಗೆ ಇರಲಿಲ್ಲ ಪಾಪ.

ಐವತ್ತೆಂಟನೇ ಇಸವಿ ಬೇಸಿಗೆ. ಜಯಪ್ಪಣ್ಣ ಶಿಕಾರಿಪುರದಲ್ಲಿ ಲಾರಿಗೆ ಮೂಟೆ ಹೊರ್ತಿದ್ದ. ಅವತ್ತು ಕೆಲಸ ಮುಗಿಯೋವಾಗ ರಾತ್ರಿ ಹತ್ತೂವರೆ. ಊರಿಗೆ ನಡೆದೇ ಹೊರಟ. ಸೊರಬದ ರಸ್ತೆಯಲ್ಲಿ ಎರಡು ಮೈಲಿ ಹೋದರೆ ಒಂದು ದೊಡ್ಡ ಆಲದ ಮರ, ಅದರ ಪಕ್ಕ ಕಲ್ಲುಕಟ್ಟೆಯ ಬಾವಿ. ಆಗಿನ ಲಾರಿಗಳು ಸ್ವಲ್ಪ ದೂರ ಓಡಿದರೆ ಕುದಿಯೋವು. ಅದಕ್ಕೇ ಎಲ್ಲ ಲಾರಿಗಳೂ ಅಲ್ಲಿ ರಸ್ತೆ ಬಿಟ್ಟು, ಬಾವಿ ಕಡೆ ಮೂತಿ ಮಾಡಿ ನಿಂತು, ನೀರು ಹುಯ್ಸಿಕೊಂಡು ಹೋಗೋವು.

ಅವತ್ತು ಅಲ್ಲಿ ಒಂದು ಲಾರಿಯೂ ಇರಲಿಲ್ಲ. ಬೆಳದಿಂಗಳು ಚೆನ್ನಾಗಿತ್ತು, ಬಾವಿಯ ಹಗ್ಗ ಕೂಡ ಕಾಣ್ತಿತ್ತಂತೆ. ಮರದ ಹತ್ತಿರ ಬರ್ತಿದ್ದಹಾಗೆ ಕೇಳಿಸಿತು...

ಕರ್ರ್... ಕರ್ರ್... ಟಕ್.

ಹ್ಯಾಂಡಲ್ ಹೊಡೆಯೋ ಸದ್ದು. ನಿಮಗೆ ಗೊತ್ತಿರಲ್ಲ, ಹೇಳ್ತೀನಿ. ಆಗ ಬ್ಯಾಟರಿ ನಂಬಿ ಯಾರೂ ಲಾರಿ ಹೊರಡಿಸ್ತಿರಲಿಲ್ಲ. ಮೂತಿಯಲ್ಲಿರೋ ತೂತಿಗೆ ಡೊಂಕು ಸಲಾಕೆ ಹಾಕಿ, ಒಬ್ಬ ಬಗ್ಗಿ ಜೋರಾಗಿ ತಿರುಗಿಸಬೇಕು. ಆಗ ಇಂಜಿನ್ನು ಎದ್ದುಕೊಳ್ಳೋದು.

ಕರ್ರ್... ಕರ್ರ್... ಟಕ್. ಆಮೇಲೆ ಸುಮ್ಮನಾಯ್ತು. ಜಯಪ್ಪಣ್ಣ ನಿಂತುಬಿಟ್ಟ. ಬಾವಿ ಕಟ್ಟೆಯ ಮುಂದಿನಿಂದ, ಬಗ್ಗಿ ನಿಂತೋನು ತಲೆ ಎತ್ತಿ ಕೇಳೋಹಾಗೆ, ಒಂದು ದನಿ ಬಂತು.

"ಅಣ್ಣಾ... ನ್ಯೂಟ್ರಾ?"

ಜಯಪ್ಪಣ್ಣ ಚಪ್ಪಲಿ ಕೈಗೆ ತಗೊಂಡು ಓಡಿದ. ದೆವ್ವ ಅಂತ ಹೆದರಿ ಅಲ್ಲ. ದನಿ ಯಾರದು ಅಂತ ಗೊತ್ತಾಗಿ. ಏಳು ವರ್ಷ ದಿನಾ ಕೇಳಿದ ದನಿ ಅದು. ಆರು ತಿಂಗಳ ಹಿಂದೆ ತಾನೇ ನಿಂತು ಮಣ್ಣು ಹಾಕಿ ಬಂದ ಮಲ್ಲೇಶಪ್ಪನವರ ದನಿ.

ಮಲ್ಲೇಶಪ್ಪ ಯಾರು ಅಂತ ಹೇಳಬೇಕಾದರೆ ಆ ಲಾರಿಗಳ ವಿಷಯ ಹೇಳಬೇಕು. ಶಿಕಾರಿಪುರದ ವೀರಬಸಪ್ಪ ಅನ್ನೋರು ಮೊದಲು ಎತ್ತಿನ ಗಾಡಿ ಬಾಡಿಗೆಗೆ ಬಿಡ್ತಿದ್ರು. ಯುದ್ಧ ಮುಗಿದು ಮಿಲಿಟ್ರಿಯೋರು ಹಳೇ ಲಾರಿಗಳನ್ನ ಹರಾಜು ಹಾಕಿದಾಗ ಒಂದು ಷೆವರ್ಲೆ ತಂದ್ರು. ಮೇಲೆ ಕೆಂಪು ಬಣ್ಣ ಹೊಡೆಸಿದ್ರೂ ಕೆರೆದರೆ ಒಳಗೆ ಮಿಲಿಟ್ರಿ ಹಸಿರು ಕಾಣೋದು. ಮರದ ಬಾಡಿ. ಕೈಯಲ್ಲಿ ಹಿಂಡಿದರೆ 'ಪೋಂಯ್' ಅನ್ನೋ ರಬ್ಬರ್ ಹಾರನ್ನು. ಹ್ಯಾಂಡ್‌ಬ್ರೇಕು ಯಾವ ಕಾಲದಲ್ಲೋ ಹೋಗಿತ್ತು, ನಿಲ್ಲಿಸಿದಲ್ಲೆಲ್ಲ ಚಕ್ರಕ್ಕೆ ಕಲ್ಲು ಕೊಡಬೇಕು. ಆಮೇಲೆ ಒಂದು ಬೆಡ್‌ಫೋರ್ಡ್ ಬಂತು. ನಾವು ಹುಡುಗೀರು ಮನೆಯೊಳಗೆ ಕೂತೇ ಪಂದ್ಯ ಕಟ್ಟೋವ್ರು, ಬರ್ತಿರೋದು ಯಾವುದು ಅಂತ. ಬೆಡ್‌ಫೋರ್ಡ್ 'ಗುಂಯ್' ಅಂತ ಒಂದೇ ಸಮ ಬರೋದು. ಷೆವರ್ಲೆ ಎರಡನೇ ಗೇರಿಗೆ ಬಿದ್ದಾಗ ಎರಡು ಸಲ ಕೆಮ್ಮೋದು. ನನಗೆ ಆ ಕೆಮ್ಮೋ ಮುದುಕಿಯೇ ಇಷ್ಟ.

ವೀರಬಸಪ್ಪನೋರು ಇಬ್ಬರು ಮಕ್ಕಳಿಗೂ ಒಂದು ಪಾಠ ಕಲಿಸಿದ್ರು. ಲಾರಿ ಗೇರಿನಲ್ಲಿ ಇದ್ದಾಗ ಹ್ಯಾಂಡಲ್ ಹೊಡೆದರೆ ಇಂಜಿನ್ನು ಏಳ್ತಿದ್ದಹಾಗೇ ಲಾರಿ ಮುಂದಕ್ಕೆ ನೆಗೆಯುತ್ತೆ, ಮುಂದೆ ಬಗ್ಗಿರೋನ ಕತೆ ಮುಗೀತು. ಅದಕ್ಕೇ ಹ್ಯಾಂಡಲ್ ಹಿಡಿದೋನು "ನ್ಯೂಟ್ರಾ?" ಅಂತ ಕೇಳಬೇಕು. ಸೀಟಲ್ಲಿ ಕೂತೋನು ಗೇರಿನ ಕೋಲು ಅಲ್ಲಾಡಿಸಿ, ಸಡಿಲ ಇದೆ ಅಂತ ಖಾತ್ರಿ ಮಾಡಿಕೊಂಡು, "ನ್ಯೂಟ್ರು, ಹೊಡಿ" ಅನ್ನಬೇಕು. ಅದಾಗದೆ ಸಲಾಕೆ ಮುಟ್ಟೋಹಾಗಿಲ್ಲ. ಜೀವ ಒಬ್ಬನದು, ಮಾತು ಇನ್ನೊಬ್ಬನದು. ಆ ಮನೆಯಲ್ಲಿ ಊಟದ ಮುಂಚೆ ವಿಭೂತಿ ಮರೆತರೂ ಇದನ್ನ ಮರೀತಿರಲಿಲ್ಲ.

ಅಪ್ಪ ಹೋದ ಮೇಲೆ ದೊಡ್ಡ ಮಗ ಪರಮಶಿವಪ್ಪ ಗದ್ದುಗೆ ಹತ್ತಿ ಸಾವ್ಕಾರ್ರಾದ್ರು. ಸಣ್ಣ ಮಗ ಮಲ್ಲೇಶಪ್ಪ ಹಗಲು ರಾತ್ರಿ ಲಾರಿ ಓಡಿಸಿದ್ರು. ನಮ್ಮ ಜಯಪ್ಪಣ್ಣ ಮೂಟೆ ಹೊರ್ತಿದ್ದದ್ದು ಇವರ ಲಾರಿಗಳಿಗೇ. ಕೊನೆಗೊಂದು ದಿನ ಮಲ್ಲೇಶಪ್ಪ ಬಾಯಿಬಿಟ್ಟು ಕೇಳಿದ್ರು. "ಅಣ್ಣಾ, ಬೆಡ್‌ಫೋರ್ಡ್ ನಿನಗೇ ಇರ್ಲಿ. ಷೆವರ್ಲೆ ನನಗೆ ಬಿಡು. ಸೊರಬದಾಗೆ ಬ್ಯಾರೆ ಇರ್ತೀನಿ." ಆ ಮನುಷ್ಯ "ಅಪ್ಪ ಹಾಕಿದ ಕಂಪ್ನಿ ಬೋರ್ಡನ್ನ ಎರಡಾಗಿ ಸೀಳ್ತೀಯೇನೋ?" ಅಂದದ್ದು ಅರ್ಧ ಪೇಟೆಗೆ ಕೇಳಿಸಿತ್ತು.

ಅದಾಗಿ ಹದಿನೈದು ದಿನ ಕಳೆದಿಲ್ಲ. ದೀಪಾವಳಿ ಹತ್ತಿರ ಬಂದಿತ್ತು. ಉಳವಿಯಿಂದ ಭತ್ತ ತರೋಕೆ ಅಣ್ಣತಮ್ಮ ಇಬ್ಬರೇ ಷೆವರ್ಲೆ ತಗೊಂಡು ಹೋದ್ರು. ವಾಪಸ್ ಬರ್ತಾ ಆಲದ ಬಾವಿ ಹತ್ತಿರ ಲಾರಿ ನಿಲ್ಲಿಸಿದ್ರು. ಬೆಳಗಿನ ಜಾವ ಸಾವ್ಕಾರ್ರೊಬ್ಬರೇ ನಡಕೊಂಡು ಊರಿಗೆ ಬಂದ್ರು. "ಕೇಳ್ದೆ ಹ್ಯಾಂಡಲ್ ಹೊಡೆದುಬಿಟ್ಟ. ಗೇರಿನಾಗಿತ್ತು. ಮೊದ್ಲಿಂದ ಅವಸರದೋನು ಅವನು" ಅಂದ್ರು. ಬಾವಿ ಕಟ್ಟೆಗೂ ಲಾರಿಗೂ ನಡುವೆ ಸಿಕ್ಕಿ ಮಲ್ಲೇಶಪ್ಪನ ಎದೆ ಒಡೆದಿತ್ತು.

ಸಮಾಧಿ ಮಾಡಿ ಬಂದ ದಿನ, ಮನೆ ತುಂಬ ಜನ ಇರೋವಾಗ, ಮಲ್ಲೇಶಪ್ಪನ ಹೆಂಡತಿ ಲೋಕಮ್ಮ ಎದ್ದು ಬಂದು ಸಾವ್ಕಾರ್ರ ಮುಂದೆ ನಿಂತರು. ಅಳಲಿಲ್ಲ.

"ಭಾವನೋರೆ, ಅವ್ರು ಕೇಳ್ದೆ ಹ್ಯಾಂಡಲ್ ಮುಟ್ಟೋರಲ್ಲ. ಅವ್ರು ಕೇಳಿದಾಗ ನೀವು ಏನಂದ್ರಿ?"

"ಅವನು ಕೇಳ್ಲೇ ಇಲ್ಲಮ್ಮ."

ಅಷ್ಟೇ ಮಾತು. ಅವತ್ತಿಂದ ಮಲ್ಲೇಶಪ್ಪ ಅಂದರೆ ಅಜಾಗ್ರತೆಯಿಂದ ಸತ್ತೋನು ಅಂತಾಯ್ತು. ಆ ರಸ್ತೆಯಲ್ಲಿ ಒಂದು ನಾಯಿಯನ್ನೂ ತುಳಿಸದೆ ಹನ್ನೆರಡು ವರ್ಷ ಲಾರಿ ಓಡಿಸಿದೋರು! ನನಗೆ ಈಗಲೂ ಹೊಟ್ಟೆ ಉರಿಯುತ್ತೆ. ಲೋಕಮ್ಮನಿಗೆ ಲಾರಿಯೂ ಬೇಕಿರಲಿಲ್ಲ, ಪಾಲೂ ಬೇಕಿರಲಿಲ್ಲ. "ಅವನು ಕೇಳಿದ್ದ" ಅನ್ನೋ ಒಂದು ಮಾತು ಆ ಬಾಯಿಂದ ಬರಬೇಕಿತ್ತು.

ಬಾವಿ ಹತ್ತಿರ ದನಿ ಕೇಳಿದ ಮಾರನೇ ದಿನ ಜಯಪ್ಪಣ್ಣ ಲೋಕಮ್ಮನ ಹತ್ತಿರ ಹೋಗಿ ಪಿಸುಮಾತಿನಲ್ಲಿ ಎಲ್ಲ ಹೇಳಿದ. ಅವರು ಅಕ್ಕಿ ಆರಿಸ್ತಿದ್ದೋರು ಮೊರ ಕೆಳಗಿಟ್ಟರು.

"ಇನ್ನೂ ಕೇಳ್ತಾನೇ ಅದಾರಾ?"

"ಹೂಂ ಅಮ್ಮ."

"ನೀನೇನಾದ್ರೂ ಉತ್ರ ಕೊಟ್ಟೆಯೇನು?"

"ಇಲ್ಲಮ್ಮ. ಓಡಿಬಂದೆ."

"ಕೊಡಬ್ಯಾಡ. ಅದು ನೀ ಕೊಡೋ ಉತ್ರ ಅಲ್ಲ. ನೋಡು, ಸಾವ್ಕಾರ್ರ ಕೆಲ್ಸ ಬಿಡಬ್ಯಾಡ ನೀನು. ಒಂದಲ್ಲ ಒಂದಿನ ಆ ಲಾರಿ ಆ ಬಾವಿ ಮುಂದೆ ನಿಲ್ತೈತೆ. ಅವತ್ತು ನೀ ಇರ್ಬೇಕು. ನೋಡ್ಬೇಕು."

ಅಷ್ಟರಲ್ಲಿ ಸಾವ್ಕಾರ್ರಿಗೆ ಇನ್ನೊಂದು ಪೇಚು ಶುರುವಾಗಿತ್ತು. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. ಆದರೆ ಸಾವ್ಕಾರ್ರು ಸೀಟಲ್ಲಿ ಕೂತರೆ ಒಬ್ಬನೇ ಒಬ್ಬ ಮುಂದೆ ಹೋಗಿ ಹ್ಯಾಂಡಲ್ ಹಿಡೀತಿರಲಿಲ್ಲ. ಒಬ್ಬನಿಗೆ ಸೊಂಟ ನೋವು, ಇನ್ನೊಬ್ಬನಿಗೆ ಕೈ ಉಳುಕು. ಷೆವರ್ಲೆಗೆ ಡ್ರೈವರ್ರೇ ಸಿಗದಹಾಗಾಯ್ತು. ಬೇರೆ ಯಾರಾದರೂ ಆಗಿದ್ದರೆ ಮಾರಿ ಕೈತೊಳ್ಕೋತಿದ್ರು. ಇವರಿಗೆ ಜಂಭ. ನಾನೇ ಓಡಿಸ್ತೀನಿ, ನಾನೇ ಹ್ಯಾಂಡಲ್ ಹೊಡೀತೀನಿ ಅಂತ ಹೊರಟರು. ಮೂಟೆ ಇಳಿಸೋಕೆ ಜಯಪ್ಪಣ್ಣ ಒಬ್ಬ ಜೊತೆಗೆ. ಆಲದ ಬಾವಿ ಬಂದರೆ ಮಾತ್ರ ಎಷ್ಟೇ ಕುದಿದರೂ ನಿಲ್ಲಿಸ್ತಿರಲಿಲ್ಲ.

ಆ ವರ್ಷದ ದೀಪಾವಳಿಯೂ ಹತ್ತಿರ ಬಂತು. ಮತ್ತೆ ಉಳವಿಯ ಭತ್ತ. ಮತ್ತೆ ಅದೇ ರಸ್ತೆ. ರಾತ್ರಿ ಹನ್ನೊಂದು ಆಗಿರಬಹುದು. ಜಯಪ್ಪಣ್ಣ ಮೂಟೆಗಳ ಮೇಲೆ ಮಲಗಿದ್ದ. ಲಾರಿ ಎರಡು ಸಲ ಕೆಮ್ಮಿತು... ಮೂರನೇ ಸಲವೂ ಕೆಮ್ಮಿತು. ಹಾಗೆ ಯಾವತ್ತೂ ಕೆಮ್ಮಿದ್ದಿಲ್ಲ. ಎದ್ದು ನೋಡ್ತಾನೆ, ಲಾರಿ ತಾನಾಗಿ ರಸ್ತೆ ಬಿಟ್ಟು ತಿರುಗ್ತಿದೆ. ಸಾವ್ಕಾರ್ರು ಸ್ಟೇರಿಂಗನ್ನ ಆ ಕಡೆ ಎಳೀತಾರೆ, ಇದು ಈ ಕಡೆಗೇ ಬರುತ್ತೆ. ಬಾವಿ ಕಟ್ಟೆಗೆ ಒಂದು ಮಾರು ಇದೆ ಅನ್ನೋವಾಗ ಇಂಜಿನ್ನು ನಿಂತಿತು.

ಫುಸ್ಸ್ಸ್... ಅಂತ ಆವಿ ಹೋಯ್ತು.

"ಕಲ್ಲು ಕೊಡೋ" ಅಂದ್ರು ಸಾವ್ಕಾರ್ರು. ಬಾವಿ ಕಡೆ ನೆಲ ಏರು, ಕಲ್ಲು ಕೊಡದಿದ್ದರೆ ಲಾರಿ ಹಿಂದಕ್ಕೆ ರಸ್ತೆಗೆ ಜಾರುತ್ತೆ. ಜಯಪ್ಪಣ್ಣ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ನೀರು ಸೇದಿ ಹುಯ್ದ. ಆಮೇಲೆ ಸಾವ್ಕಾರ್ರು ಮೆಲ್ಲಗೆ ಕೇಳಿದ್ರು.

"ಜಯಪ್ಪ, ಹ್ಯಾಂಡಲ್ ಹೊಡೀತೀಯೇನೋ?"

"ನನ್ನ ಕೈಲಾಗಲ್ಲ ಸಾವ್ಕಾರ್ರೆ."

ಅವರು ಒತ್ತಾಯ ಮಾಡಲಿಲ್ಲ. ಗೇರಿನ ಕೋಲನ್ನ ಮೂರು ಸಲ ಅಲ್ಲಾಡಿಸಿ ನೋಡಿದ್ರು. ಕಟಕ್, ಕಟಕ್, ಕಟಕ್. ಸಡಿಲ. ಇಳಿದು ಮುಂದೆ ಬಂದು, ಬಾವಿಗೆ ಬೆನ್ನು ಮಾಡಿ ಬಗ್ಗಿದ್ರು. ಜಯಪ್ಪಣ್ಣ ಕೊಡ ಹಿಡಿದು ಮರದ ಬುಡದಲ್ಲಿ ನಿಂತಿದ್ದ. ಸೀಟಲ್ಲಿ ಯಾರೂ ಇಲ್ಲ. ಬಾಗಿಲು ತೆರೆದಿತ್ತು, ಅವನಿಗೆ ಚೆನ್ನಾಗಿ ಕಾಣ್ತಿತ್ತು.

ಮನುಷ್ಯನ ಅಭ್ಯಾಸ ನೋಡಿ. ಅಪ್ಪ ಕಲಿಸಿದ್ದು ಬಾಯಿಗೆ ಬಂದೇಬಿಡ್ತು.

"ನ್ಯೂಟ್ರಾ?"

ಸೀಟಿನ ಕಡೆಯಿಂದ ಕೋಲು ಅಲ್ಲಾಡಿದ ಸದ್ದು. ಕಟಕ್.

"ನ್ಯೂಟ್ರು. ಹೊಡಿ ಅಣ್ಣಾ."

ಸಾವ್ಕಾರ್ರು ತಲೆ ಎತ್ತಲಿಲ್ಲ. ಮಾತು ಮಾತ್ರ ಬಂತು. "ಮಲ್ಲೇಶಿ... ನೀ ಕೇಳಿದ್ದೆ ಕಣೋ. ನಾನೇ... ಗೇರಿಗೆ ಹಾಕಿ ನ್ಯೂಟ್ರು ಅಂದೆ. ಬೋರ್ಡು ಒಂದೇ ಇರ್ಲಿ ಅಂತ... ತಪ್ಪಾಯ್ತು ಕಣೋ..."

"ಗೊತ್ತು."

ಲಾರಿಯಿಂದ ನೀರು ತೊಟ್ಟಿಕ್ತಿತ್ತು. ಟಪ್... ಟಪ್...

"ಹೊಡಿ ಅಣ್ಣಾ."

ಅವರು ಕೈ ಬಿಡಿಸಿಕೊಳ್ಳೋಕೆ ಒದ್ದಾಡಿದ್ರು. ಸಲಾಕೆ ಬಿಡಲಿಲ್ಲ. ತೋಳೆರಡೂ ತಾವಾಗಿ ತಿರುಗಿದವು. ಕರ್ರ್... ಕರ್ರ್... ಟಕ್. ಇಂಜಿನ್ನು ಒಂದೇ ಸಲ 'ಧಡ್' ಅಂತ ಎದ್ದಿತು. ಆಮೇಲೆ ಬಾವಿ ಕಟ್ಟೆಯ ಕಲ್ಲು ಬಿರುಕು ಬಿಟ್ಟ ಸದ್ದು. ಇಂಜಿನ್ನು ನಿಂತೇಹೋಯ್ತು.

ಸಾವ್ಕಾರ್ರನ್ನ ಕೂಗಿ ಈಚೆಗೆ ಕರೆಯೋಕೆ ದನಿ ಬರಲಿಲ್ಲ ಅಂತಾನೆ ಜಯಪ್ಪಣ್ಣ. ಬೇಕಂತಲೇ ಕರೆಯಲಿಲ್ಲ ಅಂತ ನಾನು ತಿಳಕೊಂಡಿದ್ದೀನಿ. ನಾನಾಗಿದ್ದರೂ ಕರೀತಿರಲಿಲ್ಲ. ಹೌದು, ನನ್ನ ಬುದ್ಧಿ ಹಾಗೇ ಇರೋದು, ಏನೀಗ?

ಓಡಿಹೋಗಿ ಜನ ಕರಕೊಂಡು ಬಂದ. ಸಾವ್ಕಾರ್ರ ಜೀವ ಹೋಗಿತ್ತು, ಹೆಣ ಕಟ್ಟೆಗೂ ಲಾರಿಗೂ ನಡುವೆ. ಹತ್ತು ಜನ ಸೇರಿ ಲಾರಿಯನ್ನ ಹಿಂದಕ್ಕೆ ನೂಕಿದ್ರು. ಒಂದು ಬೆರಳಷ್ಟೂ ಅಲುಗಲಿಲ್ಲ.

"ನ್ಯೂಟ್ರಿಗೆ ಹಾಕ್ರೋ!" ಅಂತ ಯಾರೋ ಕಿರುಚಿದ.

ಜಯಪ್ಪಣ್ಣ ಹತ್ತಿ ಗೇರಿನ ಕೋಲು ಹಿಡಿದ. ಕಟಕ್, ಕಟಕ್. "ನ್ಯೂಟ್ರಲ್ಲೇ ಐತೆ" ಅಂದ.

ಎಲ್ಲರೂ ಕೈ ತೆಗೆದುಬಿಟ್ಟರು. ಇಳಿಜಾರಿನಲ್ಲಿ, ಬ್ರೇಕಿಲ್ಲದ, ಗೇರಿಲ್ಲದ, ಭತ್ತ ತುಂಬಿದ ಲಾರಿ. ಕೊಟ್ಟ ಕಲ್ಲು ಒಂದು ಮಾರು ಹಿಂದೆ ಬಿದ್ದಿದೆ. ಅದು ಹಿಂದಕ್ಕೆ ಜಾರದೆ, ಏರಿನ ಕಡೆಗೆ ಒತ್ತಿಕೊಂಡು ನಿಂತಿತ್ತು.

ಬೆಳಕು ಹರಿಯೋ ಹೊತ್ತಿಗೆ ಲೋಕಮ್ಮ ನಡಕೊಂಡು ಬಂದರು. ಹೆಣದ ಕಡೆ ನೋಡಲಿಲ್ಲ. ಜಯಪ್ಪಣ್ಣನ ಮುಂದೆ ನಿಂತರು.

"ಉತ್ರ ಬಂತಾ?"

"ಬಂತಮ್ಮ. ಒಪ್ಕೊಂಡ್ರು."

"ಗಟ್ಟಿಯಾಗಿ ಹೇಳು. ಎಲ್ರಿಗೂ ಕೇಳ್ಲಿ."

ಜಯಪ್ಪಣ್ಣ ಹೇಳಿದ. ಹತ್ತು ಜನರ ಮುಂದೆ, ಒಂದು ಮಾತೂ ಬಿಡದೆ. ಮಲ್ಲೇಶಪ್ಪ ಕೇಳಿದ್ದರು ಅಂತ. ಗೇರಿಗೆ ಹಾಕಿಟ್ಟು ಅಣ್ಣ ನ್ಯೂಟ್ರು ಅಂದಿದ್ದ ಅಂತ. ಲೋಕಮ್ಮ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಒಂದು ವರ್ಷದಿಂದ ಹಿಡಿದಿಟ್ಟ ಅಳು ಆಗ ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಲಾರಿಯ ಹತ್ತಿರ ಹೋಗಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

"ಸಾಕು, ಬಿಡ್ರೀ" ಅಂದರು.

ಲಾರಿ ಮೆಲ್ಲಗೆ ಹಿಂದಕ್ಕೆ ಸರಿಯಿತು. ಯಾರೂ ಮುಟ್ಟಿರಲಿಲ್ಲ.

ಆಮೇಲೆ ಪೊಲೀಸಿನೋರು ಬಂದು ಬರಕೊಂಡಿದ್ದು ಏನು ಗೊತ್ತಾ? 'ಗೇರಿನಲ್ಲಿ ಬಿಟ್ಟು ಹ್ಯಾಂಡಲ್ ಹೊಡೆದು ಸತ್ತಿದ್ದಾನೆ.' ಹಿಂದಿನ ವರ್ಷ ತಮ್ಮನ ಹೆಸರಿಗೆ ಏನು ಅಂಟಿಸಿದ್ದರೋ ಅದೇ ಮಾತು ಅಣ್ಣನ ಹೆಸರಿಗೂ ಅಂಟಿಕೊಂಡಿತು. ನಿಜ ಗೊತ್ತಿದ್ದ ಹತ್ತು ಜನರಲ್ಲಿ ಒಬ್ಬರೂ ತಿದ್ದೋಕೆ ಹೋಗಲಿಲ್ಲ.

ಕಟ್ಟುಕತೆ ಅಂತೀರಾ? ಅನ್ನಿ. ಜಯಪ್ಪಣ್ಣ ಹುಚ್ಚರಾಯಸ್ವಾಮಿ ಗುಡಿ ಮೆಟ್ಟಿಲ ಮೇಲೆ ಕೂತು ಆಣೆ ಮಾಡಿ ಹೇಳಿದ್ದು ಇದು. ಲೋಕಮ್ಮ ಬಿಡ್ರೀ ಅಂದಾಗ ಲಾರಿ ಒಂದು ಮಾರು ಹಿಂದಕ್ಕೆ ಬಂದು, ಅವನು ರಾತ್ರಿ ಕೊಟ್ಟಿದ್ದ ಕಲ್ಲಿಗೇ ಚಕ್ರ ತಾಗಿಸಿ ನಿಂತಿತು. ಟಕ್ ಅಂತ. ಹತ್ತು ಜನವೂ ಕೇಳಿದ್ದಾರೆ.